ನಿಲ್ಲಿಸು ಅನ್ನೋಕೆ ಯಾರಾದ್ರೂ ಸಾಕು

ಅಯ್ಯೋ, ಆ ಕುರ್ಚಿ ಬೇಡ! ಬೇಡ ಬೇಡ, ಅದರ ಹಿಂಗಾಲು ಅಲ್ಲಾಡುತ್ತೆ. ಈ ಕಡೆ ಬನ್ನಿ, ಇಲ್ಲಿ ಕೂತ್ಕೊಳ್ಳಿ. ಹಾಂ... ಕಿಟಕಿಗೆ ಬೆನ್ನು ಹಾಕಿ. ಈ ಹೊತ್ತಲ್ಲಿ ಸಮುದ್ರದ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತೆ. ಏನಂದ್ರಿ? ಹೋದ ಸಲ ನಿಮ್ಮ ತಂದೆಯವರ ಜೊತೆ ಬಂದಾಗ ಅದೇ ಕುರ್ಚಿಯಲ್ಲಿ ಕೂತಿದ್ರಾ? ಆಗ ಅಲ್ಲಾಡಲಿಲ್ವಾ? ಆಮೇಲೆ ಶುರುವಾಯ್ತು ನೋಡಿ. ಮರ ಅಲ್ವಾ, ಅದಕ್ಕೂ ಮೊಣಕಾಲು ನೋವು ಬರುತ್ತೆ.

ಕಿಡಿನಾ? ಒಳಗಿದ್ದಾಳೆ, ಒಳಗಿದ್ದಾಳೆ. ಟೀ ಇಟ್ಟಿದ್ದಾಳೆ. ಏಳ್ಬೇಡಿ! ನೀವು ಏಳೋ ಮಾತೇ ಇಲ್ಲ. ಅವಳ ಜೊತೆ ನಾಲ್ಕು ಮಾತಾಡೋಕೆ ಅಂತ ಒಬ್ಬರೇ ಅಷ್ಟು ದೂರದಿಂದ ಬಂದಿದ್ದೀರಿ, ಬಂದವರನ್ನ ಅಡುಗೆಮನೆಗೆ ಕಳಿಸಿದ್ರೆ ಜನ ನನ್ನ ಮುಖಕ್ಕೆ ಉಗೀತಾರೆ. ಅವಳು ಬರೋ ತನಕ ಅವಳ ಸೋದರಮಾವನ ಈ ಚಂದದ ಮುಖ ನೋಡ್ತಾ ಇರಿ.

ಯಾಕೆ ನಗ್ತೀರಿ? ಓ, ಕಿಡಿ ಅಂದಿದ್ದಕ್ಕಾ! ಹೋದ ಸಲ ನಿಮ್ಮ ತಂದೆಯವರ ಎದುರು ಮರ್ಯಾದೆಯಾಗಿ ಪೂರ್ತಿ ಹೆಸರು ಹೇಳಿದ್ದೆ ಅಲ್ವಾ? ಆ ಹೆಸರಿಟ್ಟು ಕರೆದ್ರೆ ಅವಳೇ ಬೇರೆ ಯಾರನ್ನೋ ಕರೀತಿದ್ದಾರೆ ಅಂದ್ಕೊಳ್ತಾಳೆ. ಹಡಗಿನ ಯಾರ್ಡಿಗೆ ವೆಲ್ಡರ್ ಆಗಿ ಸೇರಿದ ದಿನದಿಂದ ಅವಳು ಎಲ್ಲರಿಗೂ ಕಿಡಿ. ಅರ್ಧ ವೆಲ್ಡಿಂಗಿಂದ, ಅರ್ಧ ನಾಲಿಗೆಯಿಂದ. ನಾನು? ನಾನು ಅಟ್ಟದ ಮಾವ! ಬೆಳಗ್ಗೆ ಕ್ರೇನ್ ಹತ್ತಿ ಆ ಗಾಜಿನ ಗೂಡಲ್ಲಿ ಕೂತ್ರೆ ಊಟಕ್ಕೇ ಇಳಿಯೋದು ನಾನು. ಕೆಳಗಿರೋರೆಲ್ಲ ಇರುವೆ ಥರ ಕಾಣ್ತಾರೆ. ಯಾರು ಎಲ್ಲಿ ಮೈಗಳ್ಳತನ ಮಾಡ್ತಿದ್ದಾರೆ, ಯಾರು ಯಾರ ಡಬ್ಬಿಯಿಂದ ಕದ್ದು ತಿಂತಿದ್ದಾರೆ, ಎಲ್ಲಾ ಗೊತ್ತಾಗುತ್ತೆ ನನಗೆ!

ಅಂದ ಹಾಗೆ... ನೀವು ಕರೆಂಟಿನವರು, ನಾವು ಹಡಗಿನವರು. ಸಂಬಂಧ ಅಂತ ಆಗೋದಾದ್ರೆ ಮೊದಲು ಒಬ್ಬರ ಭಾಷೆ ಒಬ್ಬರು ಕಲೀಬೇಕು. ಇಲ್ಲದಿದ್ರೆ ಅವಳು ಸಂಜೆ ಮನೆಗೆ ಬಂದು ‘ಇವತ್ತು ಬಲ್ಕ್‌ಹೆಡ್ ಕೆಲಸ, ಸಾಕಾಯ್ತು’ ಅಂದ್ರೆ ನೀವು ತಲೆನೋವಿನ ಮಾತ್ರೆ ತಂದು ಕೊಡ್ತೀರಿ! ಕೇಳಿ. ಹಡಗು ಕಟ್ಟೋಕೆ ಮೊದಲು ಇಡೋದು ಕೀಲ್. ಅಡಿಯಲ್ಲಿ ಉದ್ದಕ್ಕೂ ಹೋಗೋ ಬೆನ್ನುಮೂಳೆ ಅದು. ಕಟ್ಟಿ ನೀರಿಗೆ ಬಿಟ್ಟ ಮೇಲೆ ಯಾರ ಕಣ್ಣಿಗೂ ಬೀಳಲ್ಲ. ಈ ಮನೆಗೆ ನಮ್ಮ ಅಕ್ಕ ಇದ್ಳಲ್ಲ, ಕಿಡಿಯ ಅಮ್ಮ, ಅವಳು ಕೀಲ್. ಹೋಗಿಬಿಟ್ಳು. ಆದ್ರೂ ನಾವಿಬ್ಬರು ನೆಟ್ಟಗೆ ನಿಂತಿರೋದು ಅವಳ ಮೇಲೇ.

ಆಮೇಲೆ ಬ್ಯಾಲಸ್ಟ್. ಹಡಗಿನ ಹೊಟ್ಟೆಗೆ ಸುಮ್ಮನೆ ತುಂಬಿಸೋ ನೀರು. ಏನೂ ಉಪಯೋಗ ಇಲ್ಲದ ತೂಕ. ಆದ್ರೆ ಸರಕಿಲ್ಲದ ಹಡಗಿಗೆ ಅದೂ ಇಲ್ಲದಿದ್ರೆ ಒಂದು ಗಾಳಿಗೆ ವಾಲುತ್ತೆ. ಅದು ನಾನು! ಮತ್ತೆ ನಗ್ತೀರಿ... ನನ್ನ ಹೊಟ್ಟೆ ನೋಡಿ ನಗ್ತಿದ್ದೀರಾ? ನಗಿ ನಗಿ. ಅಳಿಯ ಆಗೋರಿಗೆ ಮಾವನ ಹೊಟ್ಟೆ ನೋಡಿ ನಗೋ ಹಕ್ಕಿದೆ. ಅಯ್ಯೋ, ಅಳಿಯ ಅಂತ ಈಗಲೇ ಕರೀಬಾರದು. ನಾಲಿಗೆ ಓಡುತ್ತೆ ನಂದು.

ಇನ್ನು ಬಲ್ಕ್‌ಹೆಡ್ ಅಂದ್ರೆ ಒಳಗಿನ ಅಡ್ಡಗೋಡೆ. ಹಡಗಿನ ಒಂದು ಕೋಣೆಗೆ ನೀರು ನುಗ್ಗಿದ್ರೂ ಪಕ್ಕದ ಕೋಣೆಗೆ ಹೋಗ್ಬಾರದು, ಅದಕ್ಕೆ. ಕಿಡಿ ಹೇಳ್ತಾಳೆ, ‘ಮಾವಾ, ಬ್ರಹ್ಮ ನಿನ್ನನ್ನ ಕಟ್ಟುವಾಗ ಬಲ್ಕ್‌ಹೆಡ್ ಹಾಕೋದು ಮರೆತ’ ಅಂತ. ಒಂದು ಗುಟ್ಟು ಒಳಗೆ ಬಿದ್ರೆ ಬಾಯಿ ತನಕ ಬಂದೇ ಬರುತ್ತೆ ಅಂತ. ಸುಳ್ಳು! ನಾನೂ ಗುಟ್ಟು ಇಟ್ಕೊಳ್ತೀನಿ. ಈಗಲೂ... ಅಲ್ಲ, ಇಟ್ಕೊಂಡಿಲ್ಲ. ಇಟ್ಕೋಬಲ್ಲೆ ಅಂದೆ ಅಷ್ಟೆ.

ಯಾಕೆ ಹೀಗೆ ಕಿವಿ ನಿಮಿರಿಸ್ಕೊಂಡು ಕೂತಿದ್ದೀರಿ? ಹಾಂ, ಹೋದ ಸಲ ನೀವೇ ಹೇಳಿದ್ರಿ ಅಲ್ವಾ, ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಲ್ಲಿ ಗುಂಯ್ ಅನ್ನೋ ಶಬ್ದ ಇದ್ರೆ ಯಾರೂ ತಲೆ ಎತ್ತಲ್ಲ, ಶಬ್ದ ನಿಂತ್ರೆ ಎಲ್ಲರೂ ಎದ್ದು ನಿಲ್ತೀವಿ ಅಂತ. ಒಳ್ಳೆ ಅಭ್ಯಾಸ, ಒಳ್ಳೆ ಅಭ್ಯಾಸ... ಆದ್ರೆ ಅದನ್ನ ಹೋದ ಮನೆಯಲ್ಲೆಲ್ಲ ತೋರಿಸ್ಬಾರದು ಅಲ್ವಾ?

ಟೀ ತಡವಾಯ್ತು ಅಂತ ನಾನೂ ಅಂದ್ಕೊಂಡೆ. ಇರಿ, ನೋಡ್ಕೊಂಡು ಬರ್ತೀನಿ. ನೀವು ಕೂತಿರಿ! ತಿರುಗಿ ನೋಡ್ಬೇಡಿ, ಬಿಸಿಲು, ಬಿಸಿಲು!

...ಏನಮ್ಮಾ, ಆಯ್ತಾ? ಹಾಂ? ಹಾಲು ಉಕ್ಕಿತಾ? ಥೂ, ನಿಧಾನ ನಿಧಾನ... ಅಯ್ಯಯ್ಯೋ! ಏನಿಲ್ಲ, ಏನಿಲ್ಲ! ತಟ್ಟೆ ಬಿತ್ತು! ಕಿಡಿ ಕೈಯಿಂದ ತಟ್ಟೆ ಜಾರಿತು, ಅಷ್ಟೆ! ಎರಡೇ ನಿಮಿಷ ಅಂತೆ!

ಉಫ್. ತಗೊಳ್ಳಿ, ಅಲ್ಲಿವರೆಗೆ ನೀರು ಕುಡೀರಿ. ಏನು?... ಅವಳ ದನಿ ಕೇಳಿಸಲಿಲ್ವಾ? ಮೆತ್ತಗೆ ಮಾತಾಡ್ತಾಳೆ ಪಾಪ. ನಾಚಿಕೆ. ಹಡಗು ಕಟ್ಟೋ ಡಾಕಿನ ಆ ತುದಿಯಿಂದ ಕೂಗಿದ್ರೆ ಈ ತುದಿಗೆ ಕೇಳಿಸುತ್ತೆ ಅಂತ ಹೋದ ಸಲ ನಾನೇ ಹೇಳಿದ್ನಾ? ಅದು ಡಾಕಲ್ಲಿ. ಮನೆಯಲ್ಲಿ ಬೇರೆ. ಎಲ್ಲಿ ಎಷ್ಟು ಲೋಡ್ ಕೊಡ್ಬೇಕು ಅನ್ನೋದು ನಿಮಗೆ ನಾನು ಹೇಳ್ಬೇಕಾ? ಹೋದ ಸಲ ನೀವು ಹೇಳಿದ ಇನ್ನೊಂದು ಚಂದದ ಮಾತು ಅದು, ಬೇಸ್ ಲೋಡ್. ಹಗಲು ರಾತ್ರಿ, ಹಬ್ಬ ಹರಿದಿನ ಅನ್ನದೆ ಊರಿಗೆ ಬೇಕೇ ಬೇಕಾದಷ್ಟು ಕರೆಂಟು. ಅದನ್ನ ಕೇಳಿ ಕಿಡಿ ಆವತ್ತು ಏನಂದ್ಳು ಗೊತ್ತಾ, ನೀವೆಲ್ಲ ಹೋದ ಮೇಲೆ? ‘ಮಾವಾ, ಆ ಮನುಷ್ಯ ಬೇಸ್ ಲೋಡ್ ಥರ ಇದ್ದಾನೆ. ಮಿಂಚಲ್ಲ, ಆದ್ರೆ ಆರಿಹೋಗಲ್ಲ.’ ಹಾಗಂದ್ಳು! ಕೆಂಪಾಗ್ತಿದ್ದೀರಲ್ರೀ! ಇದಂತೂ ಸುಳ್ಳಲ್ಲ, ನಮ್ಮಕ್ಕನಾಣೆ.

ಇದಂತೂ ಅಂದ್ರೆ... ಉಳಿದಿದ್ದೂ ಸುಳ್ಳಲ್ಲ. ಮಾತಿಗೆ ಅಂದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಜಾತಿ ನಂದು.

ಬನ್ನಿ, ನಿಮಗೊಂದು ವಿದ್ಯೆ ಕಲಿಸ್ತೀನಿ. ಹೊತ್ತೂ ಹೋಗುತ್ತೆ. ಬಾಯಿಲ್ಲದ ಭಾಷೆ ಇದು. ನಾನು ಅಟ್ಟದ ಮೇಲೆ, ಕೆಳಗೆ ಸುತ್ತಿಗೆ, ಗ್ರೈಂಡರ್, ಗಾಳಿ... ಕೂಗಿದ್ರೆ ಏನು ಕೇಳುತ್ತೆ? ಅದಕ್ಕೆ ಕೆಳಗೊಬ್ಬ ಸಿಗ್ನಲ್‌ಮನ್ ನಿಂತು ಕೈಯಲ್ಲಿ ಹೇಳ್ತಾನೆ, ನಾನು ಕ್ರೇನ್ ಆಡಿಸ್ತೀನಿ. ತೋಳು ಮೇಲಕ್ಕೆ, ತೋರುಬೆರಳು ಆಕಾಶಕ್ಕೆ, ಹೀಗೆ ಸುತ್ತಿಸಿ. ಹಾಂ! ಅದು ‘ಎತ್ತು’. ಬೆರಳು ನೆಲಕ್ಕೆ ಮಾಡಿ ಸುತ್ತಿಸಿದ್ರೆ ‘ಇಳಿಸು’. ಅದರ ಮೇಲೆ ಇನ್ನೊಂದು ಅಂಗೈ ಕೊಡೆ ಥರ ಹಿಡಿದ್ರೆ ‘ನಿಧಾನಕ್ಕೆ’. ಅಲ್ಲ ಅಲ್ಲ, ಮೇಲಿನ ಕೈ ಅಲ್ಲಾಡಿಸ್ಬಾರದು. ಸರಿಯಾಯ್ತು. ಪರವಾಗಿಲ್ವೇ, ಚೆನ್ನಾಗಿ ಕಲೀತೀರಿ!

ಕೊನೇದು, ತೋಳು ಪಕ್ಕಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ, ಅಡ್ಡಡ್ಡ ಬೀಸಿ. ಅದು ‘ನಿಲ್ಲಿಸು’. ಇದಕ್ಕೊಂದು ನಿಯಮ ಇದೆ, ಜಗತ್ತಿನ ಯಾವ ಡಾಕಿಗೆ ಹೋದ್ರೂ ಅದೇ. ‘ಎತ್ತು’, ‘ಇಳಿಸು’ ಅನ್ನೋದನ್ನ ಒಬ್ಬನೇ ಹೇಳ್ಬೇಕು, ನೇಮಿಸಿದ ಸಿಗ್ನಲ್‌ಮನ್. ಯಾರ್ಡಿನ ಯಜಮಾನನೇ ಬಂದು ಕೈಯೆತ್ತಿದ್ರೂ ನಾನು ಅಲ್ಲಾಡಲ್ಲ. ಆದ್ರೆ ‘ನಿಲ್ಲಿಸು’ ಇದೆಯಲ್ಲ, ಅದನ್ನ ಯಾರು ಬೇಕಾದ್ರೂ ಹೇಳ್ಬಹುದು. ಕಸ ಗುಡಿಸೋನು ಹೇಳ್ಲಿ, ದಾರಿ ತಪ್ಪಿ ಬಂದೋನು ಹೇಳ್ಲಿ... ನಿಲ್ಲಿಸ್ಲೇಬೇಕು. ಯಾಕೆ ಏನು ಅಂತ ಕೇಳೋ ಹಾಗಿಲ್ಲ. ಅಟ್ಟದಿಂದ ನನಗೆ ಕಾಣದ್ದು ಅವನಿಗೆ ಕಂಡಿರುತ್ತೆ ಅಲ್ವಾ?

ಏನಿಲ್ಲ, ಏನಿಲ್ಲ! ಹಡಗಿನ ಹಾರ್ನು ಅದು. ತಿರುಗ್ಬೇಡಿ ಅಂದ್ನಲ್ಲ! ದಿನಾ ಇದ್ದದ್ದೇ. ಇವತ್ತು ಒಂದು ಹಡಗು ಸೀ ಟ್ರಯಲ್‌ಗೆ ಹೋಯ್ತು, ಅದೇ ಬಂದರಿನ ಬಾಯಲ್ಲಿ ಅಲ್ಲಿ ಇಲ್ಲಿ ಸುತ್ತಾಡ್ತಿದೆ. ಸೀ ಟ್ರಯಲ್ ಅಂದ್ರೆ ಗೊತ್ತಲ್ಲ? ಕಟ್ಟಿ ಮುಗಿದ ಹಡಗನ್ನ ಮಾಲೀಕರಿಗೆ ಕೊಡೋ ಮೊದಲು ಸಮುದ್ರಕ್ಕೆ ಕರ್ಕೊಂಡು ಹೋಗಿ ಸತಾಯಿಸೋದು. ಓಡು ಅಂತಾರೆ, ತಟಕ್ಕನೆ ನಿಲ್ಲು ಅಂತಾರೆ, ಹಿಂದಕ್ಕೆ ಹೋಗು ಅಂತಾರೆ. ಈಗ ನಾನು ನಿಮಗೆ ಮಾಡ್ತಿದ್ದೀನಲ್ಲ, ಹಾಗೆ! ಬ್ಲ್ಯಾಕ್‌ಔಟ್ ಟೆಸ್ಟ್ ಅಂತ ಒಂದಿದೆ, ನಿಮಗೆ ಇಷ್ಟ ಆಗುತ್ತೆ. ನಡು ಸಮುದ್ರದಲ್ಲಿ ಬೇಕಂತಲೇ ಇಡೀ ಹಡಗಿನ ಕರೆಂಟ್ ತೆಗೀತಾರೆ. ಕತ್ತಲೆ, ನಿಶ್ಶಬ್ದ. ತುರ್ತು ಜನರೇಟರ್ ತಾನಾಗೇ ಹತ್ತುತ್ತಾ ಇಲ್ವಾ ಅಂತ ಎಲ್ಲರೂ ಉಸಿರು ಬಿಗಿ ಹಿಡಿದು ಕಾಯೋದು.

ಭಾರೀ ಹಡಗು ರೀ ಇದು. ನಿಮ್ಮವರ ಕೆಲಸಕ್ಕೇ ಮಾಡಿದ್ದು, ಸಮುದ್ರದಲ್ಲಿ ಗಾಳಿಯಂತ್ರದ ಕಂಬ ನೆಡೋ ಹಡಗು. ಅದರ ಎಂಜಿನ್ ಕೋಣೆಯ ಸಮುದ್ರನೀರಿನ ಪೈಪು ಅಷ್ಟೂ ಕಿಡಿ ಬೆಸುಗೆ ಹಾಕಿದ್ದು. ಮಲಗಿಕೊಂಡು, ಬಗ್ಗಿಕೊಂಡು, ಕನ್ನಡಿ ಹಿಡಿದು ಹಿಂದುಗಡೆ ನೋಡ್ಕೊಂಡು... ಇಷ್ಟು ಹೊತ್ತಿಗೆ ಪಂಪ್ ಪೂರ್ತಿ ಬಿಟ್ಟಿರ್ತಾರೆ. ಇವಳು ಒಂದೊಂದೇ ಜೋಡಣೆಗೆ ಕೈ ಒತ್ತಿ, ತೇವ ಇದೆಯಾ ಅಂತ ನೋಡ್ತಾ, ನಗ್ತಾ...

ಯಾರು? ಇವಳು ಅಂದ್ನಾ? ಇವನು ಅಂದೆ. ಫಿಟ್ಟರ್ ಒಬ್ಬ ಹೋಗಿದ್ದಾನೆ. ದಪ್ಪ ಮೀಸೆಯೋನು. ಕಿಡಿ ಹೇಗೆ ಹೋಗ್ತಾಳೆ, ಒಳಗೆ ಟೀ ಮಾಡ್ತಿಲ್ವಾ? ಶುಂಠಿ ಜಜ್ಜುತ್ತಿದ್ದಾಳೆ ನೋಡಿ, ವಾಸನೆ ಬರ್ತಿಲ್ವಾ? ನನಗಂತೂ ಬರ್ತಿದೆ. ಒಳ್ಳೆ ಟೀ ಮಾಡ್ತಾಳೆ, ಬಿಸ್ಕತ್ತೂ ಇದೆ, ಆಮೇಲೆ ನೀವಿಬ್ಬರು ಆರಾಮಾಗಿ ಮಾತಾಡಿ, ನಾನು ಹೊರಗೆ ಹೋಗ್ತೀನಿ, ಪೇಟೆಗೆ ಹೋಗೋದಿದೆ, ನಿಂಬೆಹಣ್ಣು...

...

ಏನದು?

ಕೈ ಯಾಕೆ ಹಾಗೆ... ಅಡ್ಡ ಚಾಚಿ...

ಥೂ! ಕೈ ತೋರಿಸಿ ಅವಲಕ್ಷಣ ಹೇಳಿಸ್ಕೊಂಡ ಹಾಗಾಯ್ತು. ಇಷ್ಟು ಬೇಗ ಕಲಿತುಬಿಡ್ಬೇಕಾ? ಅದು ಡಾಕಲ್ಲಿ ಕಣ್ರೀ, ಮನೆಯಲ್ಲಿ ಲೆಕ್ಕಕ್ಕಿಲ್ಲ... ಇಳಿಸಿ ಕೈ. ಇಳಿಸೀಂದ್ರೆ!

ಇಳಿಸಲ್ವಾ. ಸರಿ. ನಿಲ್ಲಿಸಿದೆ.

...

ಹಾಂ. ಕೇಳ್ತಿದೆ ನನಗೂ. ಏನೂ ಕೇಳ್ತಿಲ್ಲ ಅನ್ನೋದು ಕೇಳ್ತಿದೆ. ಒಲೆಯ ಸದ್ದಿಲ್ಲ, ಬಳೆ ಸದ್ದಿಲ್ಲ, ಲೋಟದ ಸದ್ದಿಲ್ಲ. ಯಾರೂ ಇಲ್ಲ ಒಳಗೆ. ತಟ್ಟೆ ಬೀಳಿಸಿದ್ದು ನಾನೇ.

ಹಾಗೆ ನೋಡ್ಬೇಡಿ. ಒಂದೇ ಒಂದು ಮಾತಾದ್ರೂ ಬೈದುಬಿಡಿ! ನಿಮ್ಮ ಈ ಬ್ಲ್ಯಾಕ್‌ಔಟ್ ತಡೆಯೋಕೆ ನನ್ನ ಕೈಲಾಗಲ್ಲ... ಹೇಳ್ತೀನಿ. ಅವಳು ಹಡಗಲ್ಲಿದ್ದಾಳೆ. ನಾಡಿದ್ದು ಬರ್ತಾಳೆ. ಓಡಿಹೋಗಿದ್ದಲ್ಲ, ಹಾಗಂದ್ಕೊಂಡ್ರೆ ನನ್ನಾಣೆ! ಟ್ರಯಲ್‌ಗೆ ಹೋಗೋರಲ್ಲಿ ಅವಳ ಹೆಸರು ಮೊದಲಿಂದ ಇತ್ತು. ತಾನು ಬೆಸೆದ ಪೈಪು ಸಮುದ್ರದಲ್ಲಿ ನಿಲ್ಲೋದನ್ನ ನೋಡ್ಬೇಕು ಅಂತ ವರ್ಷದಿಂದ ಕುಣೀತಿದ್ಳು. ನೀವು ಬರೋ ದಿನ ಅದೇ ಆಯ್ತಲ್ಲ... ನಾನೇ ಫೋರ್‌ಮನ್ ಹತ್ತಿರ ಹೋಗಿ ಅವಳ ಹೆಸರು ತೆಗೆಸಿಬಿಟ್ಟೆ. ಅವಳನ್ನ ಕೇಳ್ಲಿಲ್ಲ.

ಅಷ್ಟೇ ಆಗಿದ್ರೆ ಅವಳು ಬೈದು ಸುಮ್ಮನಾಗ್ತಿದ್ಳು. ಇನ್ನೊಂದಿದೆ.

ಹೋದ ಸಲ ನಿಮ್ಮ ತಂದೆಯವರನ್ನ ಬಸ್ಸಿನವರೆಗೆ ಬಿಡೋಕೆ ಹೋದ್ನಲ್ಲ. ನೀವು ಮುಂದೆ ನಡೀತಿದ್ರಿ. ಆಗ ಅವರಂದ್ರು, ‘ಹುಡುಗಿ ಒಳ್ಳೆಯವಳು. ಮದುವೆ ಆದ ಮೇಲೆ ಈ ಬೆಂಕಿ ಕೆಲಸ ಬಿಡ್ತಾಳೆ ತಾನೇ?’ ನಾನು... ಹೂಂ ಅಂದುಬಿಟ್ಟೆ. ಒಳ್ಳೆ ಸಂಬಂಧ ಕೈ ತಪ್ಪೀತು ಅಂತ ಭಯ. ಅಕ್ಕ ಇದ್ದಿದ್ರೆ ನನ್ನ ಬಾಯಿಗೇ ಬೆಸುಗೆ ಹಾಕ್ತಿದ್ಳು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು.

ಇವತ್ತು ಬೆಳಗ್ಗೆ, ಬಲ್ಕ್‌ಹೆಡ್ ಇಲ್ಲದ ಬಾಯಲ್ವಾ, ಬೂಟು ಹಾಕ್ಕೊಳ್ತಾ ಅಂದೆ, ‘ಟ್ರಯಲ್ ತಪ್ಪಿದ್ರೆ ತಪ್ಪಲಿ ಬಿಡಮ್ಮಾ, ಹೇಗೂ ಕೆಲಸ ಬಿಡೋಳು ತಾನೇ.’ ಅವಳು ತಿರುಗಿ ನೋಡಿದ್ಳು. ಈಗ ನೀವು ನೋಡ್ತಿದ್ದೀರಲ್ಲ, ಹೀಗೇ. ಹೆಲ್ಮೆಟ್ ತಗೊಂಡು ಹೊರಟುಹೋದ್ಳು. ಹಡಗಲ್ಲಿ ಕೊನೇ ಗಳಿಗೆಯ ಸಣ್ಣ ಕೆಲಸ ಇತ್ತು, ಮುಗಿಸಿ ಇಳೀಬೇಕಿತ್ತು.

ಮಧ್ಯಾಹ್ನ ಹಗ್ಗ ಬಿಚ್ಚೋ ಹೊತ್ತು. ಕೊನೇದಾಗಿ ಗ್ಯಾಂಗ್‌ವೇ ತೆಗೀಬೇಕು, ದಡಕ್ಕೂ ಹಡಗಿಗೂ ಹಾಕಿರ್ತಾರಲ್ಲ ಆ ಏಣಿ. ತೆಗೆಯೋದು ನಾನು. ಕ್ರೇನಿನ ಕೊಕ್ಕೆ ಸಿಗಿಸಿ ಆಗಿದೆ. ಸಿಗ್ನಲ್‌ಮನ್ ನೋಡ್ತಾನೆ, ಕಿಡಿ ಇನ್ನೂ ಡೆಕ್ಕಿನ ಕಟಕಟೆ ಹಿಡ್ಕೊಂಡು ನಿಂತಿದ್ದಾಳೆ. ಅವನು ಕೈ ಎತ್ತಲೇ ಇಲ್ಲ, ನನ್ನ ಕಡೆ ನೋಡ್ದ. ಅವಳೂ ನನ್ನ ಕಡೆ ನೋಡಿದ್ಳು. ಅಷ್ಟೆತ್ತರದಿಂದ ಮುಖ ಕಾಣಲ್ಲ ರೀ, ಹಳದಿ ಹೆಲ್ಮೆಟ್ ಮಾತ್ರ. ಆಮೇಲೆ ಅವಳು ತೋಳು ಮೇಲಕ್ಕೆತ್ತಿದ್ಳು. ಬೆರಳು ಆಕಾಶಕ್ಕೆ. ಸುತ್ತಿಸಿದ್ಳು.

ಎತ್ತು.

ಅವಳು ಸಿಗ್ನಲ್‌ಮನ್ ಅಲ್ಲ. ಅವಳ ಮಾತಿಗೆ ನಾನು ಅಲ್ಲಾಡ್ಬಾರದು. ನೀವು ಬರ್ತೀರಿ ಅಂತಲೂ ಗೊತ್ತು. ಈ ಸಂಬಂಧ ಮುರಿದ್ರೂ ಮುರೀಬಹುದು ಅಂತಲೂ ಗೊತ್ತು. ಎಲ್ಲಾ ಗೊತ್ತಿದ್ದೂ... ಎತ್ತಿದೆ. ಕಣ್ಣು ಮಂಜಾಗಿತ್ತು, ಆದ್ರೂ ಅಳತೆ ತಪ್ಪದ ಹಾಗೆ ಎತ್ತಿದೆ. ಕೆಳಗೆ ಫೋರ್‌ಮನ್ ಸಿಟ್ಟಲ್ಲಿ ಕುಣೀತಿದ್ದ. ಇಳಿದ ಮೇಲೆ ಅವನು ಬೈದ ಬೈಗುಳ ಇನ್ನೂ ಕಿವಿಯಲ್ಲಿದೆ. ಅವಳ ಬಾಳಿನ ಎರಡು ಮಾತನ್ನ ಅವಳನ್ನ ಕೇಳದೇ ಆಡಿದ್ದೆ. ಒಂದು ಸಲನಾದ್ರೂ ಅವಳು ಹೇಳಿದ್ದನ್ನ ನಾನು ಕೇಳ್ಬೇಡ್ವಾ?

ಅದಕ್ಕೇ ನೇರವಾಗಿ ಹೇಳ್ತೀನಿ. ಅವಳು ಕೆಲಸ ಬಿಡಲ್ಲ. ನಾನು ಹೂಂ ಅಂದಿದ್ದು ಸುಳ್ಳು. ಅವಳಿಗೆ ನೀವು ಇಷ್ಟ, ಅದು ನಿಜ. ಬೇಸ್ ಲೋಡ್ ಅಂದಿದ್ದೂ ನಿಜ. ಒಪ್ಪಿದ್ರೆ ಸಂತೋಷ. ಇಲ್ಲದಿದ್ರೆ... ಇಲ್ಲದಿದ್ರೆ ನಾನು ಒಬ್ಬನೇ ಕೂತು ಅಳ್ತೀನಿ, ಅವಳೇನೂ ಅಳಲ್ಲ.

ಏನು? ತಲೆ ಆಡಿಸ್ತೀರಿ... ಇಲ್ಲ ಅಂತಾ? ಏನಿಲ್ಲ? ಓ... ನಿಮ್ಮ ತಂದೆಯವರು ಹಾಗೆ ಕೇಳಿದ್ದು ನಿಮಗೆ ಗೊತ್ತೇ ಇರ್ಲಿಲ್ವಾ? ನಿಮ್ಮನ್ನೂ ಕೇಳ್ಲಿಲ್ವಾ ಅವರು? ಸರಿಹೋಯ್ತು! ಈ ಕಡೆ ಅವಳನ್ನ ಕೇಳದ ಮಾವ, ಆ ಕಡೆ ನಿಮ್ಮನ್ನ ಕೇಳದ ಅಪ್ಪ. ಮದುವೆ ನಾವಿಬ್ಬರೇ ಮಾಡ್ಕೋಬೇಕಿತ್ತು!

ಎದ್ರಾ... ಹೊರಟ್ರಾ? ಹೋಗ್ಬೇಡಿ ಅನ್ನೋಕೆ ನನಗೆ ಮುಖ ಇಲ್ಲ. ಚಪ್ಪಲಿ ಆ ಬಾಗಿಲ ಹತ್ತಿರ... ಅಲ್ಲ, ಆ ಕಡೆ ಎಲ್ಲಿಗೆ? ಓ. ಕಿಟಕಿ. ನೋಡಿ, ನೋಡಿ. ಇನ್ನೇನು ಬಚ್ಚಿಡೋದು. ಅಲೆತಡೆಯ ಗೋಡೆ ಕಾಣುತ್ತಲ್ಲ, ಅದರಾಚೆ... ಆ ಬೂದು ಬಣ್ಣದ್ದೇ. ಅಲ್ಲಿ ಎಂಜಿನ್ ಕೋಣೆಯಲ್ಲೆಲ್ಲೋ ಇದ್ದಾಳೆ. ಮೈಯೆಲ್ಲ ಎಣ್ಣೆ ಮಾಡ್ಕೊಂಡಿರ್ತಾಳೆ.

ಯಾರಿಗ್ರೀ ಕೈ ಎತ್ತುತ್ತೀರಿ? ಅವಳಿಗೆ ಕಾಣಲ್ಲ ಅಷ್ಟು ದೂರ... ನನಗಾ?

ಬೆರಳು ನೆಲಕ್ಕೆ. ಸುತ್ತಿಸ್ತಿದ್ದೀರಿ. ಮೇಲೆ ಅಂಗೈ ಕೊಡೆ.

ಇಳಿಸು... ನಿಧಾನಕ್ಕೆ ಇಳಿಸು. ಗ್ಯಾಂಗ್‌ವೇನಾ? ಅವಳು ಇಳಿದು ಬರೋಕಾ?

ಅಯ್ಯೋ, ಮೇಲಿನ ಕೈ ಅಲ್ಲಾಡ್ತಿದೆಯಲ್ರೀ, ಅಲ್ಲಾಡಿಸ್ಬಾರದು ಅಂದಿದ್ದೆ! ...ನನ್ನ ಕಣ್ಣೇ ಸರಿ ಇಲ್ಲ ಬಿಡಿ, ಸಮುದ್ರದ ಬಿಸಿಲು. ನಾಡಿದ್ದು ಬೆಳಗ್ಗೆ ಹಡಗು ದಡಕ್ಕೆ ಬರುತ್ತೆ. ಏಣಿ ಇಳಿಸೋದು ನಾನೇ. ಸಿಗ್ನಲ್‌ಮನ್ ಹತ್ತಿರ ಮಾತಾಡ್ತೀನಿ, ಕಾಲು ಹಿಡೀತೀನಿ ಬೇಕಾದ್ರೆ, ಅವನು ಒಂದು ಹೆಜ್ಜೆ ಪಕ್ಕಕ್ಕೆ ನಿಲ್ಲಲಿ. ನೀವು ಅವನ ಪಕ್ಕ ನಿಂತು ಹೀಗೇ ಕೈ ಮಾಡಿ. ನಿಯಮ ಹೇಗೂ ಒಂದು ಸಲ ಮುರಿದಾಗಿದೆ.

ಈಗ ಬನ್ನಿ ಅಡುಗೆಮನೆಗೆ. ನೀವೇ ಬನ್ನಿ, ನನಗೆ ಟೀ ಮಾಡೋಕೆ ಬರಲ್ಲ.